ತೂಗಿ ಕೊಂಡ ಹೆಡ್‌ಫೋನು

ಬದನೆಕಾಯಿಯನ್ನು ಅಂಗೈಯಲ್ಲಿ ತೂಗಿ ನೋಡಿ ಕೊಳ್ಳುವವರನ್ನು ನೀವು ಸಂತೆಯಲ್ಲಿ ನೋಡಿರುತ್ತೀರಿ. ಹಗುರವಿದ್ದರೆ ಎಳೆಯದು, ಎಣ್ಣೆಗಾಯಿಗೆ ಬರುತ್ತದೆ. ಭಾರವಿದ್ದರೆ ಒಳಗೆ ಬರೀ ಬೀಜ. ಕಲ್ಲಂಗಡಿಗೆ ಇದರ ಉಲ್ಟಾ ನ್ಯಾಯ. ಆದರೆ ಹೆಡ್‌ಫೋನನ್ನು ತೂಗಿ ನೋಡಿ ಕೊಂಡ ಮನೆತನ ಇಡೀ ಗದಗ-ಬೆಟಗೇರಿಯಲ್ಲಿ ನಮ್ಮದೊಂದೇ ಇರಬೇಕು. ಮೊನ್ನೆ ಕಪಾಟು ಝಾಡಿಸುವಾಗ ಆ ಹೆಡ್‌ಫೋನು ಕೈಗೆ ಸಿಕ್ಕಿತು. ಒಂದು ಕಿವಿ ಬಿಚ್ಚಿಕೊಂಡಿದೆ, ಇನ್ನೊಂದು ಕಿವಿಯ ರೆಕ್ಸಿನ್ ಸುಲಿದಿದೆ. ಗುಜರಿಯವನಿಗೂ ಬೇಡವಾದ ವಸ್ತು. ಎಸೆಯಲು ಮನಸ್ಸು ಬರಲಿಲ್ಲ, ಹಿಡಿದುಕೊಂಡು ಅಲ್ಲೇ ನೆಲದ ಮೇಲೆ ಕೂತೆ. ಕಪಾಟು ಝಾಡಿಸುವ ಕೆಲಸ ಅಲ್ಲಿಗೆ ಮುಗಿಯಿತು.

ನಾನು ಬೆಟಗೇರಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ವಯಸ್ಸು ನಲವತ್ತೇಳು. ಈ ವಯಸ್ಸಿನ ಹೆಂಗಸು ಹೊಸದಾಗಿ ಏನೇನು ಕಲಿಯಬಹುದು ಎಂಬುದಕ್ಕೆ ನಮ್ಮ ಓಣಿಯಲ್ಲಿ ಎಲ್ಲೂ ಬರೆದಿಡದ ಒಂದು ಪಟ್ಟಿಯಿದೆ. ಯೋಗ, ಭಜನೆ, ಮೊಟ್ಟೆಯಿಲ್ಲದ ಕೇಕು, ಬಹಳವೆಂದರೆ ಸ್ಕೂಟಿ. ಹಾರ್ಮೋನಿಯಂ ಕೂಡ ನಡೆಯುತ್ತದೆ, ಯಾಕೆಂದರೆ ಇದು ಸಂಗೀತದ ಊರು. ಇಲ್ಲಿ ಕಲ್ಲು ಒಗೆದರೆ ಅದು ಯಾವುದಾದರೂ ತಬಲಾದ ಮೇಲೆ ಬೀಳುತ್ತದೆ. ಅಂಥ ಊರಿನಲ್ಲಿ ನಾನು ಕಲಿಯಲು ಹೊರಟದ್ದು ಎಲೆಕ್ಟ್ರಿಕ್ ಗಿಟಾರು.

ಅದನ್ನು ನಾನೇನೂ ಕೊಂಡದ್ದಲ್ಲ. ಅಪ್ಪ ಶಿರಹಟ್ಟಿಯಲ್ಲಿ ನಲವತ್ತು ವರ್ಷ ಮೈಕ್ ಸೆಟ್ಟಿನ ಅಂಗಡಿ ನಡೆಸಿದವರು. ಮದುವೆ, ಮುಂಜಿ, ಚುನಾವಣೆ, ಗಣೇಶನ ಹಬ್ಬ, ಉರುಸು, ಯಾರಿಗೆ ಏನು ಹೇಳಬೇಕಾಗಿದ್ದರೂ ಅಪ್ಪನ ತಗಡಿನ ಕಹಳೆಯಂಥ ಭೋಂಗಾಗಳ ಮೂಲಕವೇ ಹೇಳಬೇಕಿತ್ತು. ಯಾವುದೋ ಕಾಲದಲ್ಲಿ ಒಂದು ಆರ್ಕೆಸ್ಟ್ರಾದವರು ಕಾರ್ಯಕ್ರಮ ಮುಗಿಸಿ ಹೋಗುವಾಗ ಕೆಂಪು ಬಣ್ಣದ ಗಿಟಾರೊಂದನ್ನು ಅಂಗಡಿಯಲ್ಲಿ ಮರೆತು ಹೋದರು. “ಬಂದು ಒಯ್ತಾರ” ಎಂದು ಅಪ್ಪ ಅದನ್ನು ಗೋಡೆಗೆ ತೂಗುಹಾಕಿದರು. ಅವರು ಬರಲಿಲ್ಲ. ಅಪ್ಪ ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಆಂಪ್ಲಿಫಯರುಗಳ ಜೊತೆ ಅದಕ್ಕೂ ಕುಂಕುಮ ಹಚ್ಚಿದರು, ಆದರೆ ಒಂದು ದಿನವೂ ನಮಗೆ ಮುಟ್ಟಗೊಡಲಿಲ್ಲ. ಅದು ಇನ್ನೊಬ್ಬರ ಮಾಲು. ಅವ್ವ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ಅಪ್ಪ ನಮ್ಮ ಮನೆಗೆ ಬಂದರು. ಮಗಳ ಮನೆಯ ಅನ್ನ ಹೇಗೆ ಉಣ್ಣುವುದು ಎಂದು ಒಂದು ತಿಂಗಳು ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಬರುವಾಗ ತಂದದ್ದು ಒಂದು ಟ್ರಂಕು, ಒಂದು ಟೆಸ್ಟರು, ಮತ್ತು ಆ ಗಿಟಾರು.

“ಇನ್ನ ಯಾರೂ ಬರಂಗಿಲ್ಲವಾ ಗಿರಿಜಿ. ಇಪ್ಪತ್ತೈದ ವರ್ಷ ಆತು. ನೀನಽ ಬಾರ್ಸು” ಎಂದರು.

ಎಲೆಕ್ಟ್ರಿಕ್ ಗಿಟಾರಿನ ವಿಷಯ ನಿಮಗೆ ಗೊತ್ತಿರಲಿಕ್ಕಿಲ್ಲ, ನನಗೂ ಗೊತ್ತಿರಲಿಲ್ಲ. ಅದಕ್ಕೆ ಹೊಟ್ಟೆಯಿಲ್ಲ. ತಂಬೂರಿಗೆ ಬುರುಡೆಯಿದೆ, ಇದು ಗಟ್ಟಿ ಹಲಗೆ. ತಂತಿ ಮೀಟಿದರೆ ಬಾಚಣಿಕೆಯ ಹಲ್ಲನ್ನು ಉಗುರಿನಿಂದ ಎಳೆದಷ್ಟು ಸಪ್ಪಳ ಬರುತ್ತದೆ. ವಯರು ಚುಚ್ಚಿ ಆಂಪ್ಲಿಫಯರಿಗೆ ಕೊಟ್ಟಾಗಲೇ ಅದಕ್ಕೆ ಬಾಯಿ ಬರುವುದು. ಊಟದ ಡಬ್ಬಿಯಷ್ಟು ದೊಡ್ಡ ಆಂಪ್ಲಿಫಯರೊಂದನ್ನು ತರಿಸಿ, ಶಾಲೆ ಬಿಟ್ಟು ಬಂದ ಒಂದು ಸಂಜೆ ಗುಂಡಿ ತಿರುಗಿಸಿ ಒಮ್ಮೆ ಮೀಟಿದೆ. ಪಕ್ಕದ ಮನೆಯ ಶಿವಕ್ಕ ಓಡಿ ಬಂದಳು.

“ಅಕ್ಕಾರ, ಮನ್ಯಾಗ ಏನರ ಸುಡಾಕತ್ತೈತೇನ್ರಿ? ಕರೆಂಟ್ ಸಿಡದಂಗ ಸಪ್ಪಳ ಬಂತು.”

“ಇಲ್ರೀ ಶಿವಕ್ಕ, ಗಿಟಾರ ಕಲ್ಯಾಕತ್ತೇನಿ.”

“ಹೌದ್ರಿ? ಕಲೀರಿ, ಕಲೀರಿ. ಖರೆ ಏನಂದ್ರ, ನಿಮ್ಮ ಸಪ್ಪಳ ನಡಬರಕ ಬಂತಂದ್ರ ನನಗ ಮಗ್ಗದಾಗ ಎಳಿ ಹರದದ್ದು ತಿಳ್ಯಂಗಿಲ್ರಿ.”

ಶಿವಕ್ಕನ ಮನೆಯ ಪಡಸಾಲೆಯಲ್ಲಿ ಎರಡು ಪವರ್‌ಲೂಮುಗಳಿವೆ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಸಂಜೆ ಎಂಟರ ತನಕ ನಮ್ಮ ಮನೆಯ ಗೋಡೆ, ಪಾತ್ರೆ, ಹಲ್ಲು ಎಲ್ಲ ಒಂದೇ ತಾಳದಲ್ಲಿ ಅಲುಗುತ್ತವೆ. ಇಪ್ಪತ್ತು ವರ್ಷಗಳಲ್ಲಿ ನಾವು ಆ ಸಪ್ಪಳದ ಬಗ್ಗೆ ಚಕಾರ ಎತ್ತಿಲ್ಲ. ನಾನು ಒಂದೇ ಒಂದು ಸಲ ತಂತಿ ಮೀಟಿದ್ದಕ್ಕೆ ತಕರಾರು ಬಂತು. ಆದರೂ ನ್ಯಾಯ ಅವಳ ಕಡೆಗೇ ಇತ್ತು. ಅವಳದು ಅನ್ನದ ಸಪ್ಪಳ, ನನ್ನದು ಚಟದ್ದು. ಹೀಗಾಗಿ ಹೆಡ್‌ಫೋನು ಬೇಕಾಯಿತು.

ಶಿವಕ್ಕನದು ನೆವ ಎಂದು ಈಗ ಒಪ್ಪಿಕೊಳ್ಳುತ್ತೇನೆ. ನನಗೆ ಮೊದಲಿನಿಂದಲೂ ಇನ್ನೊಬ್ಬರ ಕಿವಿಯ ಭಯ. ಅದರ ಮೂಲ ಶಿರಹಟ್ಟಿ ಹತ್ತಿರದ ಮಾಗಡಿಯಲ್ಲಿದೆ. ನಾನು ಹತ್ತು ವರ್ಷದವಳಿದ್ದಾಗ ಅಲ್ಲಿ ಒಂದು ಮದುವೆಗೆ ಅಪ್ಪ ಮೈಕ್ ಸೆಟ್ಟು ಕಟ್ಟಲು ಹೋಗಿದ್ದರು, ಬೆನ್ನು ಹತ್ತಿ ನಾನೂ ಹೋಗಿದ್ದೆ. ಅಪ್ಪ ಬೇವಿನ ಮರ ಹತ್ತಿ ಭೋಂಗಾ ಕಟ್ಟುತ್ತಿದ್ದರು. ಮೈಕು ಜಮಖಾನೆಯ ಮೇಲೆ ಬಿದ್ದಿತ್ತು. ಅದು ಬಂದ್ ಆಗಿದೆ ಎಂದು ನಂಬಿ ಅದರ ಪಕ್ಕ ಕೂತು ಗೆಳತಿಗೆ ಗುಟ್ಟು ಹೇಳಿದೆ: “ಬೀಗರು ತಂದ ಬುಂದೆಲಾಡು ಮೊನ್ನಿವು, ವಾಸನಿ ಹೊಡ್ಯಾಕತ್ತಾವ. ನಮ್ಮಪ್ಪಗ ತಿನಬ್ಯಾಡ ಅಂತ ಹೇಳೇನಿ.” ಊರಿಗೆ ಊರೇ ಕೇಳಿತು. ಅಲ್ಲಿಯ ಕೆರೆಗೆ ಎಲ್ಲಿಂದಲೋ ಹಾರಿ ಬಂದು ತಣ್ಣಗೆ ಕೂತಿದ್ದ ಹಕ್ಕಿಗಳೂ ಒಮ್ಮೆಲೇ ಎದ್ದವು ಎಂದು ಅಪ್ಪ ಮರದ ಮೇಲಿನಿಂದ ಕಂಡದ್ದನ್ನು ಆಮೇಲೆ ಹೇಳುತ್ತಿದ್ದರು. ಹುಡುಗನ ಕಡೆಯವರು ಎದ್ದು ನಿಂತರು. ಅಪ್ಪ ಇಳಿದು ಬಂದು ಅದೇ ಮೈಕು ಹಿಡಿದು ಊರಿನ ಮುಂದೆ ಕ್ಷಮೆ ಕೇಳಿದರು, ಆಮೇಲೆ ಎಲ್ಲರೆದುರು ಒಂದು ಬುಂದೆಲಾಡು ತಿಂದರು. ಮೈಕಿನಲ್ಲಿ ಆಡಿದ ಮಾತನ್ನು ಮೈಕಿನಲ್ಲೇ ತಿರುಗಿ ತೆಗೆದುಕೊಳ್ಳಬೇಕು ಎಂಬುದು ಅವರ ಧರ್ಮ. ನನಗೆ ಒಂದು ಮಾತೂ ಬೈಯಲಿಲ್ಲ. ಎರಡು ದಿನ ಅವರ ಹೊಟ್ಟೆ ಕೆಟ್ಟಿತು. ಅಂದಿನಿಂದ ನಾನು ಹಾಡುವುದನ್ನು ಬಿಟ್ಟೆ, ತರಗತಿಯಲ್ಲಿ ಪ್ರಮೇಯ ಬಿಟ್ಟರೆ ಬೇರೆ ಯಾವುದನ್ನೂ ಗಟ್ಟಿಯಾಗಿ ಹೇಳಿದವಳಲ್ಲ.

ಇಷ್ಟೇ ಆಗಿದ್ದರೆ ಇದೊಂದು ನಗುವ ಕಥೆ. ಆದರೆ ಅಪ್ಪನ ಕಿವಿ ಹೋಗುತ್ತಿತ್ತು. ನಲವತ್ತು ವರ್ಷ ಭೋಂಗಾಗಳ ಬುಡದಲ್ಲಿ ನಿಂತವರು. ಎಂಟು ಭೋಂಗಾಗಳಲ್ಲಿ ಯಾವುದರೊಳಗೆ ಮಳೆಯ ನೀರು ಹೋಗಿದೆ ಎಂದು ಕೆಳಗೆ ನಿಂತೇ ಹೇಳುತ್ತಿದ್ದ ಕಿವಿಗೆ ಈಗ ಕುಕ್ಕರಿನ ಸೀಟಿಯೂ ತಿಳಿಯುತ್ತಿರಲಿಲ್ಲ. ಗದಗಿನ ಕಿವಿ ಡಾಕ್ಟರು ನೋಡಿ, “ಇದು ಹಿಂಗಽ ಇಳಕೋತ ಹೋಗತೈತ್ರಿ. ಮಶಿನ್ ಹಾಕ್ಕೊಂಡ್ರ ಛಲೋ” ಎಂದರು. ಅಪ್ಪ ಆ ಮಶಿನ್ನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿ ಹಿಂದಕ್ಕೆ ಕೊಟ್ಟರು.

“ಇಡೀ ತಾಲೂಕಿಗೆ ಕೇಳಿಸಿದಾಂವ ನಾನು. ಕಿವ್ಯಾಗ ಶೇಂಗಾಬೀಜ ಇಟ್ಕೊಂಡು ಅಡ್ಡಾಡ್ಲೇನು?”

ಮನೆಗೆ ಬರುವಾಗ ಆಟೋದಲ್ಲಿ ನನ್ನ ಕಡೆ ತಿರುಗಿ ಹೇಳಿದರು: “ಗಿರಿಜಿ, ಇನ್ನೂ ಅಷ್ಟಿಷ್ಟು ಕೇಳಸೂದ್ರಾಗ ಒಮ್ಮೆ ಆ ಗಿಟಾರ ಬಾರಿಸಿ ತೋರ್ಸವಾ. ಅದರ ದನಿ ಹೆಂಗೈತಿ ಅಂತ ಇಪ್ಪತ್ತೈದ ವರ್ಷ ನೋಡೇ ಇಲ್ಲ.”

“ಆತಪ್ಪಾ” ಎಂದೆ. “ಛಲೋ ಹೆಡ್‌ಫೋನ್ ಬರ್ಲಿ, ನಾ ಸ್ವಲ್ಪ ಕಲೀಲಿ. ನಿನ್ನ ಕಿವಿಗಽ ಹಾಕಿ ಕೇಳಸ್ತೇನಿ.”

ಡಬ್ಬಿ ಆಂಪ್ಲಿಫಯರಿನ ಸಣ್ಣ ಸ್ಪೀಕರು ಅಪ್ಪನ ಕಿವಿಗೆ ಸಾಲುತ್ತಿರಲಿಲ್ಲ, ಜೋರು ಮಾಡಿದರೆ ಶಿವಕ್ಕನ ಎಳೆ ಹರಿಯುತ್ತಿತ್ತು. ಹೀಗಾಗಿ ನನ್ನ ಮಾತು ಸುಳ್ಳೇನೂ ಆಗಿರಲಿಲ್ಲ. ಆದರೆ ಆ ಮಾತಿನಲ್ಲಿ ನನಗೊಂದು ಸುರಕ್ಷಿತ ಮೂಲೆ ಸಿಕ್ಕಿತು. ಒಳ್ಳೆಯ ಹೆಡ್‌ಫೋನು ಸಿಗುವ ತನಕ ನಾನು ಯಾರ ಮುಂದೆಯೂ ಬಾರಿಸಬೇಕಿಲ್ಲ. ಅಗ್ಗವೂ ಒಳ್ಳೆಯದೂ ಆದ ಹೆಡ್‌ಫೋನು ಹುಡುಕುವುದೆಂದರೆ ಹುಡುಗಿಗೆ ವರ ಹುಡುಕಿದ ಹಾಗೆ, ಎಷ್ಟು ದಿನ ಬೇಕಾದರೂ ಎಳೆಯಬಹುದು.

ಮೊದಲನೆಯದನ್ನು ತಂದವರು ನಮ್ಮ ಮನೆಯವರು. ಅವರದು ಬೈಂಡಿಂಗ್ ಅಂಗಡಿ, ಜಗತ್ತಿನ ಎಲ್ಲ ಸಮಸ್ಯೆಗೂ ಅಂಟು ಮತ್ತು ದಾರದಲ್ಲಿ ಪರಿಹಾರವಿದೆ ಎಂದು ನಂಬಿದ ಸಾಧು ಮನುಷ್ಯ. ಅವರು ತಂದದ್ದು ಮಾತ್ರ ದಾರವೇ ಇಲ್ಲದ್ದು, ಬ್ಲೂಟೂತು. ಜೊತೆಗೆ ಆಂಪ್ಲಿಫಯರಿನ ತೂತಿಗೆ ಚುಚ್ಚುವ ಒಂದು ಗುಬ್ಬಿಯಂಥ ಸಾಧನ, ಅದು ಸ್ವರವನ್ನು ಗಾಳಿಯಲ್ಲಿ ಹೆಡ್‌ಫೋನಿಗೆ ಕಳಿಸುತ್ತದಂತೆ. ಕಳಿಸುತ್ತಿತ್ತು, ಆದರೆ ಅದರ ಪುರಸೊತ್ತಿಗೆ ತಕ್ಕ ಹಾಗೆ. ಮುಂಡರಗಿಯಲ್ಲಿ ನಮ್ಮ ದೊಡ್ಡವ್ವ ಒಬ್ಬಳಿದ್ದಳು, ನಗೆಮಾತು ಆಡಿದರೆ ಎಲ್ಲರೂ ನಕ್ಕು ಕಣ್ಣೊರೆಸಿಕೊಂಡ ಮೇಲೆ ತಾನು ಶುರು ಮಾಡುವವಳು. ಆ ಹೆಡ್‌ಫೋನು ಹಾಗೆ. ನಾನು ಮೀಟಿ, ಬೆರಳೆತ್ತಿ ಮುಂದಿನ ತಂತಿಗೆ ಹೋಗುವ ಹೊತ್ತಿಗೆ ಮೊದಲಿನ ಸ್ವರ ಬರುತ್ತಿತ್ತು. ಹಾಡು ಕೇಳುವವರಿಗೆ ಇದು ಗೊತ್ತೇ ಆಗುವುದಿಲ್ಲ, ಬಾರಿಸುವವರಿಗೆ ತಲೆ ಕೆಡುತ್ತದೆ. ನಮ್ಮ ಮನೆಯವರಿಗೆ ಹೇಳಿದೆ. ಅವರು ಸ್ವಲ್ಪ ಯೋಚಿಸಿ, “ಹಂಗಾದ್ರ ನೀ ಸ್ವಲ್ಪ ಮೊದ್ಲಽ ಬಾರ್ಸು” ಎಂದರು.

ಆಮೇಲೆ ನಾನೇ ಅಧ್ಯಯನಕ್ಕೆ ಕೂತೆ. ಎರಡು ತಿಂಗಳು ಫೋನಿನಲ್ಲಿ ಕಂಡಕಂಡವರ ಅಭಿಪ್ರಾಯ ಓದಿದೆ. ಹೆಡ್‌ಫೋನುಗಳಲ್ಲಿ ಬೆನ್ನು ತೆರೆದವು, ಬೆನ್ನು ಮುಚ್ಚಿದವು ಎಂದು ಎರಡು ಜಾತಿ. ತೆರೆದವುಗಳಿಂದ ಸ್ವರ ಹೊರಗೆ ಸೋರುತ್ತದೆ, ಮುಚ್ಚಿದವುಗಳಲ್ಲಿ ಗದಗಿನ ಏಪ್ರಿಲಿಗೆ ಕಿವಿ ಬೇಯುತ್ತದೆ. ಕರೆಂಟಿಗೆ ಒಡ್ಡುವ ತಡೆಗೆ ಓಮ್ ಎಂಬ ಲೆಕ್ಕವೊಂದಿದೆ, ಅದು ಹೆಚ್ಚಿದ್ದರೆ ಡಬ್ಬಿ ಆಂಪ್ಲಿಫಯರು ಸೋಲುತ್ತದೆ. ಗಣಿತದವಳಾದ್ದರಿಂದ ಹಾಳೆಯ ಮೇಲೆ ಕೋಷ್ಟಕ ಹಾಕಿ, ಹದಿನಾರು ಹೆಡ್‌ಫೋನುಗಳಿಗೆ ಅಂಕ ಕೊಟ್ಟು, ಮರುಎಣಿಕೆ ಮಾಡಿ, ಮೂರಕ್ಕೆ ಗ್ರೇಸ್ ಮಾರ್ಕ್ಸ್ ಕೂಡ ಹಾಕಿದೆ. ಆ ಎರಡು ತಿಂಗಳಲ್ಲಿ ಗಿಟಾರಿನ ಮೇಲೆ ಸಣ್ಣಗೆ ಧೂಳು ಕೂತಿತ್ತು. ಕಲಿಯದೆ ಇರಲು ಕಲಿಯುವ ಸಾಮಾನು ಹುಡುಕುವುದಕ್ಕಿಂತ ಮರ್ಯಾದೆಯ ದಾರಿ ಇನ್ನೊಂದಿಲ್ಲ.

ಅಪ್ಪ ಒಂದು ದಿನ ಆ ಹಾಳೆ ನೋಡಿದರು. “ಹಾಳಿ ನೋಡಿ ಸೌಂಡ್ ತಗೋತಾರೇನವಾ? ನಡಿ ಗದಗಿಗೆ” ಎಂದು ಚಪ್ಪಲಿ ಹಾಕಿಕೊಂಡರು.

ಗದಗಿನ ಆ ಅಂಗಡಿಯಲ್ಲಿ ಗೋಡೆಯ ತುಂಬ ಹೆಡ್‌ಫೋನುಗಳು. ಅಂಗಡಿಯವನು ಒಂದೊಂದನ್ನೇ ಇಳಿಸಿ ಬಣ್ಣ, ಬ್ಯಾಟರಿ, ಮಡಚುವ ರೀತಿ ಹೇಳತೊಡಗಿದ. ಅಪ್ಪನಿಗೆ ಅವನ ಮಾತು ಕೇಳಿಸಲೂ ಇಲ್ಲ, ಬೇಕಾಗಿಯೂ ಇರಲಿಲ್ಲ. ಎರಡೂ ಅಂಗೈಗಳಲ್ಲಿ ಒಂದೊಂದು ಇಟ್ಟುಕೊಂಡು, ಕಣ್ಣು ಅರೆಮುಚ್ಚಿ ತೂಗಿದರು. ಮೈಕ್ ಸೆಟ್ಟಿನವರ ಶಾಸ್ತ್ರ ಇದು. ಸ್ಪೀಕರಿನ ಜೀವ ಮ್ಯಾಗ್ನೆಟ್ಟಿನಲ್ಲಿದೆ, ಮ್ಯಾಗ್ನೆಟ್ಟಿದ್ದಲ್ಲಿ ತೂಕವಿದೆ. ಬಣ್ಣ ಸುಳ್ಳು ಹೇಳುತ್ತದೆ, ಹೆಸರು ಸುಳ್ಳು ಹೇಳುತ್ತದೆ, ತೂಕ ಹೇಳುವುದಿಲ್ಲ. ನಲವತ್ತು ವರ್ಷ ಹುಬ್ಬಳ್ಳಿಯ ವ್ಯಾಪಾರಿಗಳೆದುರು ಅಪ್ಪ ಹೀಗೆಯೇ ಸ್ಪೀಕರು ಆರಿಸಿದ್ದರು, ಒಮ್ಮೆಯೂ ಮೋಸ ಹೋಗಿರಲಿಲ್ಲ. ಕೊನೆಗೆ ಎರಡರಲ್ಲಿ ನಿರ್ಧಾರವಾಗದೆ, ಎರಡನ್ನೂ ಹಿಡಿದುಕೊಂಡು ಪಕ್ಕದ ಕಿರಾಣಿ ಅಂಗಡಿಗೆ ನಡೆದೇಬಿಟ್ಟರು. ತೊಗರಿಬೇಳೆ ತೂಗುತ್ತಿದ್ದವನು ಬೇಳೆ ಇಳಿಸಿ ಹೆಡ್‌ಫೋನು ಏರಿಸಿದ. ಅಲ್ಲಿದ್ದ ಗಿರಾಕಿಗಳು ತೂಕದ ಕಾಂಟಾದ ಅಂಕಿಯನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿದರು.

“ಇದು” ಎಂದರು ಅಪ್ಪ, ಭಾರದ್ದನ್ನು ಎತ್ತಿ ಹಿಡಿದು.

“ಅಜ್ಜಾರ, ಒಮ್ಮೆ ಕಿವಿಗೆ ಹಾಕ್ಕೊಂಡ್ ನೋಡ್ರಿ” ಎಂದ ಹಿಂದೆಯೇ ಓಡಿಬಂದಿದ್ದ ಹೆಡ್‌ಫೋನಿನ ಅಂಗಡಿಯವನು ಗಟ್ಟಿಯಾಗಿ. ಅಪ್ಪ ಬೇಡವೆಂದು ತಲೆಯಾಡಿಸಿದರು. “ಮಗಳು ಬಾರಿಸಿದ್ದನ್ನಽ ಮೊದ್ಲು ಕೇಳ್ತೇನಿ” ಎಂದರು. ಹಾಕಿಕೊಂಡು ಕೇಳಿಸದೆ ಹೋದರೆ ಅಷ್ಟು ಜನರ ಮುಂದೆ ಏನು ಮಾಡುವುದು ಎಂದು ಅವರು ಹೆದರಿದ್ದರು ಅಂತ ನನಗೆ ತಿಳಿಯಿತು. ಹೆದರಿಕೆಯ ವಿಷಯದಲ್ಲಿ ನಾನು ಅವರ ಮಗಳೇ.

ಆ ಹೆಡ್‌ಫೋನಿನಲ್ಲಿ ಗಿಟಾರು ಲಕ್ಕುಂಡಿಯ ಬಾವಿಯ ತಳದಲ್ಲಿ ಕೂತು ಬಾರಿಸಿದಂತೆ ಕೇಳುತ್ತಿತ್ತು. ಎಲ್ಲವೂ ಗುಂಯ್. ಯಾವ ತಂತಿ ಮೀಟಿದರೂ ಅದೇ ಗುಂಯ್. ಕುತ್ತಿಗೆಯೂ ಹಿಡಿದುಕೊಂಡಿತು. ಅಪ್ಪನ ಆಯ್ಕೆ ಎಂದು ಎಂಟು ದಿನ ಸುಮ್ಮನೆ ಹೊತ್ತೆ. ಒಂಬತ್ತನೆಯ ದಿನ ಎಡಗಿವಿ ಸತ್ತಿತು. ಅಪ್ಪನಿಗೆ ಖುಷಿಯೇ ಆಯಿತೆನ್ನಬೇಕು, ಎರಡು ವರ್ಷದಿಂದ ಟೆಸ್ಟರು ಟ್ರಂಕಿನಲ್ಲಿತ್ತು. ವರ್ತಮಾನಪತ್ರಿಕೆ ಹಾಸಿ, ಕನ್ನಡಕ ಏರಿಸಿ, ತಿರುಪು ಬಿಚ್ಚಿದರು. ಒಳಗಿನ ಮ್ಯಾಗ್ನೆಟ್ಟು ನನ್ನ ಕಿರುಬೆರಳಿನ ಉಗುರಿನಷ್ಟಿತ್ತು. ಅದರ ಪಕ್ಕದಲ್ಲಿ ಪ್ಲಾಸ್ಟಿಕ್ಕಿಗೆ ಗೋಂದಿನಿಂದ ಅಂಟಿಸಿದ ಒಂದು ಕಬ್ಬಿಣದ ಪಟ್ಟಿ. ಯಾವ ವಯರಿಗೂ ಸಂಬಂಧವಿಲ್ಲ. ಅಪ್ಪ ಅದನ್ನು ಕಿತ್ತು, ಟೆಸ್ಟರಿನ ತುದಿಯಿಂದ ತಿರುವಿ ತಿರುವಿ ನೋಡಿದರು.

“ತೂಕಕ್ಕ ಹಾಕ್ಯಾರ” ಎಂದರು ಕಡೆಗೆ. ಪಟ್ಟಿಯನ್ನು ಪತ್ರಿಕೆಯ ಮೇಲಿಟ್ಟು, “ನನಗ ಮುಪ್ಪಾತು ಬಿಡು” ಎಂದರು.

ಅಂದು ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದರು. ಕಿವಿ ಹೋಗುತ್ತಿದೆ ಎಂದು ಡಾಕ್ಟರು ಹೇಳಿದ ದಿನ ಎರಡು ರೊಟ್ಟಿ ತಿಂದಿದ್ದ ಮನುಷ್ಯ. ಅವರ ತಟ್ಟೆ ಎತ್ತುವಾಗ ನನಗೆ ಕೆಡುಕೆನಿಸಿತು. ಆದರೆ ಅದರ ಜೊತೆಗೇ, ಹೆಡ್‌ಫೋನು ಕೆಟ್ಟಿತು, ಇನ್ನಷ್ಟು ದಿನ ಬಾರಿಸಿ ತೋರಿಸಬೇಕಿಲ್ಲ ಎಂಬ ಸಮಾಧಾನವೂ ಒಳಗೆ ಮೂಡಿತು. ಆ ಸಮಾಧಾನಕ್ಕಾಗಿ ನನಗೆ ಇಂದಿಗೂ ನಾಚಿಕೆಯಾಗುತ್ತದೆ.

ಮುಂದಿನ ಭಾನುವಾರ ಅವರನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದೆ. ಅಲ್ಲಿ ದಾದಾಪೀರ ಕಾಕಾನ ರಿಪೇರಿ ಅಂಗಡಿಯಿದೆ. ಅಪ್ಪನ ಜೊತೆ ಇಪ್ಪತ್ತು ವರ್ಷ ಮರ ಹತ್ತಿ ಭೋಂಗಾ ಕಟ್ಟಿದವನು, ಈಗ ಅವನಿಗೂ ಅರವತ್ತು ದಾಟಿದೆ. ಮಿಕ್ಸರು, ಟೀವಿ, ಫೋನು ಯಾವುದು ಬಂದರೂ ಬಿಚ್ಚುತ್ತಾನೆ. ಬಸ್ಸು ಮಾಗಡಿ ದಾಟುವಾಗ ನಾನು ಕಿಟಕಿಯ ಕಡೆಗೆ ನೋಡಲಿಲ್ಲ, ಅಪ್ಪ ಮಾತ್ರ ನನ್ನನ್ನೇ ನೋಡಿ ನಕ್ಕರು.

ಕಾಕಾ ಕಬ್ಬಿಣದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದ. ಅಪ್ಪನ ಕಿವಿಯ ಹತ್ತಿರ ಬಂದು ಹೇಳಿದ: “ಮಾಲಕ್ರ, ಇದರಾಗ ನಿಮ್ಮದೇನೂ ತಪ್ಪಿಲ್ರಿ. ನೀವು ತೂಗಿ ನೋಡ್ತೀರಿ ಅನ್ನೂ ಖಬರ ಕಂಪನಿಯವರಿಗೆ ಹತ್ತೈತಿ. ಅದಕ್ಕ ತೂಕ ಹಾಕ್ಯಾರ.”

ಅಪ್ಪ ಆ ಮಾತನ್ನು ಎರಡು ಸಲ ಹೇಳಿಸಿಕೊಂಡರು. ಎರಡನೆಯ ಸಲ ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು. ಚಹಾ ತರಿಸಿ ಎಂದು ತಾವೇ ಹೇಳಿದರು.

“ತಂಗಿ, ನೀ ಇಷ್ಟು ತಲಿ ಕೆಡಿಸ್ಕೊಳ್ಳೂದು ಬ್ಯಾಡ” ಎಂದು ಕಾಕಾ ನನ್ನ ಕಡೆ ತಿರುಗಿದ. “ವಯರ್ ಇದ್ದದ್ದು ತಗೋ. ಕಿವಿ ಪೂರಾ ಮುಚ್ಚೂದು ತಗೋ. ವಯರ್ ಬಿಚ್ಚಿ ಬ್ಯಾರೇದು ಹಾಕಾಕ ಬರಬೇಕು, ಹರದ ಹೋಗೂದು ಮೊದ್ಲು ಅದಽ. ಆಮ್ಯಾಲ ಯಾವುದರ ಮನಶಾನ ಮಾತು ಹಾಕಿ ಕೇಳು, ಹಾಡು ಬ್ಯಾಡ. ಮನಶಾನ ದನಿ ಮನಶಾನಂಗ ಕೇಳಿಸ್ತಂದ್ರ ಗಿಟಾರ ಗಿಟಾರನಂಗ ಕೇಳಸತೈತಿ. ಮುಗೀತು.”

ನನ್ನ ಹದಿನಾರು ಸಾಲಿನ ಕೋಷ್ಟಕ ಪರ್ಸಿನಲ್ಲಿತ್ತು, ಹೊರಗೆ ತೆಗೆಯಲಿಲ್ಲ. ಕಾಕಾ ಊರಿನ ಒಬ್ಬ ಹಾಡುಗಾರನಿಗೆಂದು ತರಿಸಿ ಅವನು ಒಯ್ಯದೆ ಬಿಟ್ಟ ಒಂದು ಕಪ್ಪು ಹೆಡ್‌ಫೋನನ್ನು ಕೊಟ್ಟ. ನೋಡಲು ಏನೂ ಚಂದವಿಲ್ಲ, ಎತ್ತಿದರೆ ಹಕ್ಕಿಯಷ್ಟು ಹಗುರ. ಬೆಲೆ ಒಂದು ಸಾದಾ ಸೀರೆಯಷ್ಟು. ಆಂಪ್ಲಿಫಯರಿನ ದೊಡ್ಡ ತೂತಿಗೆ ಹೊಂದಿಸಲು ಒಂದು ದಪ್ಪ ಪಿನ್ನನ್ನೂ ಕಾಕಾ ಪುಕ್ಕಟೆ ಕೊಟ್ಟ. ಅವನ ಫೋನಿಗೆ ಚುಚ್ಚಿ ರೇಡಿಯೋದ ವಾರ್ತೆ ಕೇಳಿದೆ. ವಾರ್ತೆ ಓದುವ ಹೆಂಗಸು ನನ್ನ ಪಕ್ಕದಲ್ಲೇ ಕೂತಂತಿತ್ತು, ಅವಳು ನಡುವೆ ಉಗುಳು ನುಂಗುವುದೂ ಕೇಳಿಸಿತು. ಬರುವ ದಾರಿಯುದ್ದಕ್ಕೂ ಅಪ್ಪ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಒಮ್ಮೆಯೂ ತೂಗಿ ನೋಡಲಿಲ್ಲ.

ಇನ್ನು ನನಗೆ ನೆವ ಉಳಿದಿರಲಿಲ್ಲ. ಆದರೂ ಒಂದೂವರೆ ತಿಂಗಳು ಎಳೆದೆ. ದಿನಾ ಐದರಿಂದ ಆರರ ತನಕ ಹೆಡ್‌ಫೋನು ಹಾಕಿಕೊಂಡು ಬಾರಿಸುವುದು. ಅದರಲ್ಲಿ ಪ್ರತಿ ತಂತಿಗೂ ತನ್ನ ದನಿಯಿತ್ತು, ನನ್ನ ಪ್ರತಿ ತಪ್ಪಿಗೂ ಇತ್ತು. ಅಪ್ಪ ಎದುರಿಗೆ ಕುರ್ಚಿ ಹಾಕಿಕೊಂಡು ನನ್ನ ಬೆರಳು ನೋಡುತ್ತ ಕೂರುತ್ತಿದ್ದರು. ಬೇರೆಯವರಿಗೆ ಟಿಕ್ ಟಿಕ್ ಆದರೂ ಕೇಳುತ್ತಿತ್ತು, ಅವರಿಗೆ ಅದೂ ಇಲ್ಲ. “ಆತೇನು?” ಎಂದು ಹುಬ್ಬಿನಲ್ಲೇ ಕೇಳುವರು. “ಇನ್ನೊಂದ ವಾರ” ಎಂದು ಬೆರಳು ತೋರಿಸುವೆ. ಗಿಟಾರು ಕಲಿಸುವ ಪುಸ್ತಕದ ನಾಲ್ಕನೆಯ ಪಾಠ ಸರಿಯಾಗಲಿ, ತಂತಿ ಬದಲಿಸುವಾಗ ಬೆರಳು ತಡವರಿಸುವುದು ನಿಲ್ಲಲಿ, ಗುರುವಾರ ಕಳೆಯಲಿ. ಪರೀಕ್ಷೆಗೆ ಓದಿ ಮುಗಿದಿಲ್ಲ ಎನ್ನುವ ಮಕ್ಕಳಿಗೆ ನಾನು ತರಗತಿಯಲ್ಲಿ ಏನು ಹೇಳುತ್ತೇನೋ ಅದನ್ನು ನನಗೆ ಹೇಳುವವರಿರಲಿಲ್ಲ.

ಒಂದು ಬುಧವಾರ ಶಾಲೆಯಿಂದ ಬಂದಾಗ ಅಪ್ಪ ಟೀವಿಯ ಮುಂದೆ ಕೂತಿದ್ದರು. ಮುಂದಕ್ಕೆ ಬಾಗಿ, ಕೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು. ತೆರೆಯ ಮೇಲೆ ಯಾರೋ ಮಾತನಾಡುತ್ತಿದ್ದರು. ತೆರೆಯ ಮೂಲೆಯಲ್ಲಿ ಸದ್ದು ಬಂದ್ ಆಗಿದೆ ಎಂಬ ಗುರುತಿತ್ತು. ಮಧ್ಯಾಹ್ನ ಯಾವಾಗಲೋ ರಿಮೋಟಿನ ಗುಂಡಿಯ ಮೇಲೆ ಬೆರಳು ಬಿದ್ದಿರಬೇಕು.

ನನ್ನನ್ನು ಕಂಡು ಹೇಳಿದರು: “ಇವತ್ತ ಯಾಕೋ ಭಾಳ ಸಣ್ಣಗ ಮಾತಾಡಾಕತ್ತಾರ ಗಿರಿಜಿ. ಬರೊಬ್ಬರಿ ಕೇಳಸವಲ್ದು.”

ನಾನು ಹೌದಪ್ಪಾ ಎಂದೆ. ಅವರಿಗೆ ಕಾಣದಂತೆ ಗುಂಡಿ ಒತ್ತಿ, ಆಮೇಲೆ ಟೀವಿಯನ್ನೇ ಆರಿಸಿದೆ. ಬ್ಯಾಗನ್ನು ಎಲ್ಲಿ ಒಗೆದೆನೋ ನೆನಪಿಲ್ಲ. ಕೈಕಾಲು ಕೂಡ ತೊಳೆಯದೆ ಗಿಟಾರು ತೆಗೆದು, ಪಿನ್ನು ಚುಚ್ಚಿ, ಹೆಡ್‌ಫೋನನ್ನು ಅಪ್ಪನ ತಲೆಗೆ ಏರಿಸಿದೆ. ಬಿಳಿ ಟೋಪಿ ಜಾರಿತು, ಎತ್ತಿ ಪಕ್ಕಕ್ಕಿಟ್ಟರು. ಎರಡೂ ಕೈಗಳನ್ನು ಮೊಣಕಾಲ ಮೇಲಿಟ್ಟುಕೊಂಡು ಫೋಟೋ ತೆಗೆಸಿಕೊಳ್ಳುವವರ ಹಾಗೆ ಕೂತರು.

ನಾಲ್ಕನೆಯ ಪಾಠವನ್ನೇ ಬಾರಿಸಿದೆ. ಅದು ಹಾಡೂ ಅಲ್ಲ, ಬೆರಳು ಪಳಗಲಿ ಎಂದು ಯಾರೋ ಬರೆದಿಟ್ಟ ಎಂಟು ಸಾಲು. ಇದ್ದದ್ದು ಒಂದೇ ತೂತು, ಒಂದೇ ಹೆಡ್‌ಫೋನು, ಅದು ಅಪ್ಪನ ಕಿವಿಯಲ್ಲಿ. ನಾನು ಬಾರಿಸುತ್ತಿದ್ದುದು ನನಗೇ ಕೇಳುತ್ತಿರಲಿಲ್ಲ. ಗೋಡೆಯಾಚೆ ಶಿವಕ್ಕನ ಮಗ್ಗ, ನನ್ನ ತೊಡೆಯ ಮೇಲೆ ಟಿಕ್ ಟಿಕ್. ಆಂಪ್ಲಿಫಯರಿನ ಗುಂಡಿ ಎರಡಕ್ಕಿತ್ತು. ಅಪ್ಪನ ಮುಖ ಹಾಗೆಯೇ ಇತ್ತು. ನಾಲ್ಕಕ್ಕೆ ತಂದು ಮತ್ತೆ ಮೊದಲಿನಿಂದ ಬಾರಿಸಿದೆ. ಹಾಗೆಯೇ ಇತ್ತು. ಐದು. ಅವರು ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು, ಕೇಳಿಸದವರು ಮರ್ಯಾದೆಗೆ ನಗುತ್ತಾರಲ್ಲ, ಆ ನಗು. ನಾನು ತಡಮಾಡಿಬಿಟ್ಟಿದ್ದೆ. ಒಂದೂವರೆ ತಿಂಗಳು, ಅದಕ್ಕೂ ಮೊದಲಿನ ಎರಡು ತಿಂಗಳು, ಆ ಹಾಳೆ, ಆ ಗ್ರೇಸ್ ಮಾರ್ಕ್ಸ್. ಬೆರಳನ್ನು ಸೆರಗಿಗೆ ಒರೆಸಿಕೊಂಡು, ಗುಂಡಿಯನ್ನು ಏಳಕ್ಕೆ ತಿರುಗಿಸಿ ಮತ್ತೆ ಬಾರಿಸಿದೆ.

ಅಪ್ಪನ ನಗು ನಿಂತಿತು. ಹುಬ್ಬು ಗಂಟಿಕ್ಕಿದರು. ಕಣ್ಣು ಮುಚ್ಚಿ ತಲೆಯನ್ನು ಒಂದಿಷ್ಟು ಓರೆ ಮಾಡಿದರು. ಎರಡು ಸಾಲು ಹಾಗೆಯೇ ಕೂತಿದ್ದು, ಬಲಗೈಯನ್ನು ಮೊಣಕಾಲ ಮೇಲಿಂದ ಎತ್ತಿ ನನ್ನನ್ನು ನಿಲ್ಲಿಸಿದರು.

“ಗಿರಿಜೀ, ಮೂರನೇ ತಂತಿ ಇಳದೈತಿ ನೋಡು.”

ಹೆಡ್‌ಫೋನು ಹಾಕಿಕೊಂಡವರಿಗೆ ತಮ್ಮ ದನಿ ಎಷ್ಟು ದೊಡ್ಡದು ಎಂದು ತಿಳಿಯುವುದಿಲ್ಲ. ಓಣಿಯ ಆ ತುದಿಗೆ ಮುಟ್ಟುವಂತೆ ಕೂಗಿದ್ದರು. ಫೋನಿನಲ್ಲಿ ಶ್ರುತಿ ತೋರಿಸುವ ಮುಳ್ಳು ತೆರೆದು ಮೂರನೆಯ ತಂತಿಯನ್ನು ಮೀಟಿದೆ. ಮುಳ್ಳು ಎಡಕ್ಕೆ ನಿಂತಿತು. ಇಳಿದಿತ್ತು. ಎಷ್ಟು ದಿನದಿಂದ ಇಳಿದಿತ್ತೋ, ದಿನಾ ಒಂದು ತಾಸು ಅದನ್ನೇ ಕಿವಿಗೆ ಹಾಕಿಕೊಂಡು ಕೂತಿದ್ದ ನನಗೆ ಗೊತ್ತಾಗಿರಲಿಲ್ಲ.

ಗೋಡೆಯಾಚೆ ಮಗ್ಗ ನಿಂತಿತು. ಹಿತ್ತಲ ಗೋಡೆಯ ಮೇಲೆ ಶಿವಕ್ಕನ ತಲೆ ಕಾಣಿಸಿತು.

“ಅಕ್ಕಾರ, ಏನಾತ್ರೀ? ಅಜ್ಜಾರು ಯಾಕ ಒದರಿದ್ರು?”

ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೇ ಹಿತ್ತಲ ಕಡೆ ತಿರುಗಿದೆ. ಆದಷ್ಟು ಗಟ್ಟಿಯಾಗಿಯೇ ಹೇಳಿದೆ.

“ಏನಿಲ್ರೀ ಶಿವಕ್ಕ. ನಾ ತಪ್ಪು ಬಾರಿಸಿದೆ. ಅಪ್ಪಗ ಕೇಳಿಸ್ತು.”